ಸರೌಂಡ್ ಹುಡುಕಿದ ವಾರಗಳು

ಬರುವ ಕಾರ್ತೀಕಕ್ಕೆ ನನ್ನ ಎಡಗಿವಿ ಹೋಗಿ ವರ್ಷ ತುಂಬುತ್ತದೆ. ಅದು ಹೋಗುತ್ತಿದ್ದ ಹೊತ್ತಿನಲ್ಲಿ ನಾನು ಡಾಕ್ಟರ ಹತ್ತಿರ ಇರಲಿಲ್ಲ. ಹೊಸದುರ್ಗದ ನಮ್ಮ ಮನೆಯ ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ವೈರಿನ ಹೆಡ್‌ಫೋನಿಗೆ ಯಾವ ಸರೌಂಡ್ ಸೌಂಡ್ ಕೂರಿಸಿದರೆ ಸರಿಹೋದೀತು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ. ಇದನ್ನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಪಾಪ ಅನ್ನುತ್ತಾರೆ. ಎರಡೂ ನನಗೆ ಬೇಡ.

ನಾನು ಮೈಕ್ ಸೆಟ್ಟಿನವನು. ಮದುವೆ, ಗೃಹಪ್ರವೇಶ, ಮಠದ ಕಾರ್ಯಕ್ರಮ, ಚುನಾವಣೆಯ ಭಾಷಣ, ಯಾವುದಕ್ಕೂ ಆಗಲ್ಲ ಅಂದವನಲ್ಲ. ಬಿ.ದುರ್ಗದಿಂದ ಹೊರಕೆರೆದೇವಪುರದವರೆಗೆ ನನ್ನ ಬಾಕ್ಸುಗಳು ಹಾಡದ ಬೀದಿ ಕಡಿಮೆ. ಮಂಡಿ ನೋವು ಶುರುವಾದ ಮೇಲೆ, ಡಿಜೆಯವರ ಹಾವಳಿಯೂ ಹೆಚ್ಚಾದ ಮೇಲೆ, ಬಾಕ್ಸು ಆಂಪ್ಲಿಫೈಯರು ಎಲ್ಲವನ್ನೂ ಹಿರಿಯೂರಿನ ಒಬ್ಬರಿಗೆ ಕೊಟ್ಟು ಕೈತೊಳೆದುಕೊಂಡೆ. ಹಾಡು ತುಂಬಿಸಲು ಇಟ್ಟುಕೊಂಡಿದ್ದ ಕಂಪ್ಯೂಟರ್ ಒಂದು ಮನೆಯಲ್ಲಿ ಉಳಿಯಿತು.

ಉಳಿದ ಇನ್ನೊಬ್ಬಳು ನನ್ನ ಹೆಂಡತಿ. ಇಲ್ಲೇ ಹತ್ತಿರದ ಮತ್ತೋಡಿನವಳು. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ಬಾಯಿಬಿಟ್ಟು ನನ್ನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರೇನಮ್ಮ ಅಂದರೆ, ಒಳಗಿದ್ದ ನನ್ನನ್ನು ಕರೆಸಿ ನನ್ನ ಬಾಯಲ್ಲೇ ಹೇಳಿಸುತ್ತಾಳೆ. ಅವಳು ನನ್ನನ್ನು ಕರೆಯುವುದು ಒಂದೇ ಮಾತಿನಲ್ಲಿ: “ಇಲ್ ಬರ್ರೀ.” ಎಲ್ಲಿಗೆ ಎಂದು ನಾನು ಯಾವತ್ತೂ ಕೇಳಿದ್ದಿಲ್ಲ. ನಮ್ಮದು ರೈಲಿನ ಡಬ್ಬಿಯಂಥ ಉದ್ದನೆ ಮನೆ. ಬೀದಿಗೆ ಜಗಲಿ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಿಲು, ಹಿತ್ತಿಲಿಂದ ತಾರಸಿಗೆ ಮೆಟ್ಟಿಲು. ಅವಳು ಎಲ್ಲಿಂದ ಕೂಗಿದರೂ ನನ್ನ ಕಾಲು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಅದರಲ್ಲಿ ಕಿವಿಯ ಕೆಲಸವೇನು ಎಂದು ಯಾರು ಯೋಚಿಸುತ್ತಾರೆ?

ಕೆಲಸ ಬಿಟ್ಟ ಮೇಲೆ ನನಗೆ ಸಿನಿಮಾದ ಹುಚ್ಚು ಹತ್ತಿತು. ಕಂಪ್ಯೂಟರಿನಲ್ಲಿ ಸೌಂಡ್ ಕೊಟ್ಟು ನೋಡಿದರೆ ಹೆಂಡತಿಗೆ ಸಿಟ್ಟು. “ಊರೋರ ಕಿವಿ ತೂತು ಮಾಡಿದ್ದು ಸಾಲ್ದೇನ್ರಿ, ಈಗ ಮನೆಯೋರ್ದೂ ಮಾಡ್ತೀರಾ?” ಅನ್ನುತ್ತಿದ್ದಳು. ಅವಳ ಬಾಯಿಗೆ ಹೆದರಿ ವೈರಿನ ಹೆಡ್‌ಫೋನ್ ತಂದೆ. ಬ್ಲೂಟೂತ್ ನನಗೆ ಆಗುವುದಿಲ್ಲ. ವೈರಿಲ್ಲದೆ ಸದ್ದು ಬರುತ್ತದೆ ಅಂದರೆ ನನ್ನಂಥವನಿಗೆ ಅರ್ಧ ನಂಬಿಕೆ. ಪಿನ್ನು ಇರಬೇಕು, ಪಿನ್ನು ಒತ್ತಿದಾಗ ಟಕ್ ಅನ್ನಬೇಕು.

ಹೆಡ್‌ಫೋನಿಗೆ ಸರೌಂಡ್ ಬೇರೆ ಉಂಟು ಎಂದು ಗೊತ್ತಾದದ್ದು ಆಮೇಲೆ. ಥಿಯೇಟರಿನಲ್ಲಿ ಸುತ್ತ ಬಾಕ್ಸು ಇರುತ್ತವೆ, ಹಿಂದಿನಿಂದ ಬಂದ ಸದ್ದು ಹಿಂದಿನಿಂದಲೇ ಕೇಳುತ್ತದೆ, ಸರಿ. ಹೆಡ್‌ಫೋನಿನಲ್ಲಿ ಇರುವುದು ಎರಡೇ ಚಿಕ್ಕ ಸ್ಪೀಕರು. ಅದರಲ್ಲಿ ಹಿಂದೆ ಮುಂದೆ ಎಲ್ಲಿಂದ ಬರಬೇಕು? ಬರುತ್ತದೆ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ತಲೆ ಅಡ್ಡ ಇರುವುದರಿಂದ ಬಲಗಿವಿಗೆ ಚೂರು ತಡವಾಗಿ, ಸಣ್ಣದಾಗಿ ಮುಟ್ಟುತ್ತದೆ. ಆ ವ್ಯತ್ಯಾಸವನ್ನು ಸುಳ್ಳುಸುಳ್ಳೇ ಮಾಡಿಕೊಟ್ಟರೆ ಸಾಕು, ಸದ್ದು ಅಲ್ಲಿಂದಲೇ ಬಂತು ಎಂದು ಮಿದುಳು ನಂಬುತ್ತದೆ. ಅಂದರೆ ಎರಡು ಕಿವಿಗೂ ಸೇರಿ ಮಾಡುವ ಮೋಸ. ಎರಡು ಕಿವಿಗೂ ಸೇರಿ ಎಂಬ ಮಾತನ್ನು ನಾನು ಆಗ ಓದಿಯೂ ಓದದವನ ಹಾಗೆ ಮುಂದೆ ಹೋಗಿ, ಕಂಪ್ಯೂಟರಿನಲ್ಲೇ ಇದ್ದ ಒಂದು ಸರೌಂಡ್ ಹಾಕಿಕೊಂಡೆ.

ಒಂದು ಬೆಳಿಗ್ಗೆ ಸ್ನಾನ ಮಾಡಿ ಬಂದವನಿಗೆ ಎಡಗಿವಿಗೆ ನೀರು ಹೋದ ಹಾಗಾಯಿತು. ತಲೆ ಬಗ್ಗಿಸಿ ಒಂಟಿ ಕಾಲಲ್ಲಿ ಕುಣಿದೆ, ನೀರು ಬರಲಿಲ್ಲ. ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು. ಆದರೆ ಬಾಕ್ಸಿನ ಪಕ್ಕದಲ್ಲೇ ಆಯುಷ್ಯ ಕಳೆದ ನನ್ನ ಕಿವಿ ಗುಂಯ್ ಅನ್ನದ ದಿನ ಯಾವುದಿತ್ತು? ಸ್ವಲ್ಪ ತಲೆ ತಿರುಗಿತು, ಪಿತ್ತ ಅಂದುಕೊಂಡೆ. ಹೆಂಡತಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಬಿಟ್ಟಳು. ಫೋನನ್ನು ನಾನು ಯಾವಾಗಲೂ ಬಲಗಿವಿಗೇ ಹಿಡಿಯುವವನು. ಮನೆಯಲ್ಲಿ ಇಬ್ಬರೇ. ಕಿವಿ ಹೋಗಿದೆ ಎಂದು ತಿಳಿಸುವ ಸಂದರ್ಭವೇ ಇರಲಿಲ್ಲ.

ಅದೇ ಸಂಜೆ ಹೆಡ್‌ಫೋನ್ ಹಾಕಿಕೊಂಡರೆ ಸರೌಂಡ್ ಕೆಟ್ಟಿದೆ! ಎಲ್ಲ ಬಲಕ್ಕೆ ವಾಲಿದೆ. ಪರೀಕ್ಷೆಗೆಂದು ಇರುವ ಸದ್ದನ್ನು ಹಾಕಿದೆ. ಬಲಗಡೆಯ ಸದ್ದು ಗಟ್ಟಿಯಾಗಿ ಬಂತು. ಎಡಗಡೆಯದು ಬಂತು, ಆದರೆ ಸಣ್ಣದಾಗಿ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಪೂರ್ತಿ ಸುಮ್ಮನಾಗಿದ್ದರೆ ನನಗೂ ಅನುಮಾನ ಬರುತ್ತಿತ್ತೇನೋ. ಬಂತಲ್ಲ, ಅದೇ ಕೆಟ್ಟದ್ದಾಯಿತು. ಆ ಸರೌಂಡಿನ ಗುಣವೇ ಹಾಗೆ. ಎಡಗಡೆಯದನ್ನು ಒಂದಿಷ್ಟು ಬಲಗಿವಿಗೂ ದಾಟಿಸುತ್ತದೆ. ನಾನು ಕೇಳುತ್ತಿದ್ದುದು ಆ ದಾಟಿ ಬಂದ ಎಂಜಲನ್ನು. ಅದನ್ನೇ ಎಡಗಿವಿಯಲ್ಲಿ ಕೇಳುತ್ತಿದ್ದೇನೆ ಎಂದು ನಂಬಿದೆ.

ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ ಇದೆ. ಪೆಂಡಾಲಿನ ಕೊನೆಯಿಂದ ಜನ ಕೇಳಿಸ್ತಿಲ್ಲ ಎಂದು ಕೂಗಿದರೆ ನಾವು ಜನರ ಕಿವಿ ನೋಡುವುದಿಲ್ಲ. ಪಿನ್ನು ನೋಡುತ್ತೇವೆ, ವೈರು ನೋಡುತ್ತೇವೆ, ಆಂಪ್ಲಿಫೈಯರ್ ನೋಡುತ್ತೇವೆ, ಬಾಕ್ಸು ತಟ್ಟುತ್ತೇವೆ. ತಪ್ಪು ಇರುವುದು ಸಾಮಾನಿನಲ್ಲಿ. ಕೇಳುವವನಲ್ಲಿ ತಪ್ಪು ಹುಡುಕಿದರೆ ಮುಂದಿನ ಮದುವೆಗೆ ಕರೆಯುವುದಿಲ್ಲ. ಆ ಅಭ್ಯಾಸ ಮೈಗೆ ಹತ್ತಿದವನು ನಾನು, ಸಾಮಾನು ಹಿಡಿದು ಕೂತೆ.

ಮೊದಲು ಪಿನ್ನು ಒರೆಸಿದೆ. ವೈರನ್ನು ಬುಡದಿಂದ ಬೆರಳಲ್ಲಿ ಒತ್ತುತ್ತಾ ಬಂದೆ. ಆಮೇಲೆ ಸಾಫ್ಟ್‌ವೇರಿನ ಸರದಿ. ಕಂಪ್ಯೂಟರಿನಲ್ಲೇ ಪುಕ್ಕಟೆ ಬರುವ ಸರೌಂಡ್ ತೆಗೆದು ದುಡ್ಡು ಕೊಡುವಂಥದ್ದನ್ನು ಹಾಕಿದೆ. ಅದರಲ್ಲೂ ಎಡ ಸಣ್ಣ. ಪೆಟ್ಟಿಗೆಯ ಮೇಲೆ ಏಳು ಪಾಯಿಂಟ್ ಒಂದು ಎಂದು ದಪ್ಪಕ್ಷರದಲ್ಲಿ ಬರೆದ, ಅಂದರೆ ಎಂಟು ಬಾಕ್ಸಿನ ಸದ್ದು ಕೊಡುತ್ತೇನೆ ಅನ್ನುವ, ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿದೆ. ಅದರದೊಂದು ಸರೌಂಡ್, ಕಂಪ್ಯೂಟರಿನದೊಂದು ಸರೌಂಡ್, ಎರಡೂ ಒಟ್ಟಿಗೆ ಸೇರಿ ಸಿನಿಮಾದ ನಾಯಕ ಬಾವಿಯೊಳಗಿಂದ ಮಾತಾಡತೊಡಗಿದ. ಒಂದನ್ನು ಆಫ್ ಮಾಡಿದರೆ ಬಾವಿಯಿಂದ ಮೇಲೆ ಬಂದ, ಆದರೆ ಬಲಕ್ಕೇ ನಿಂತ. ಕೊನೆಗೆ ಎಡಗಡೆಯ ವಾಲ್ಯೂಮನ್ನು ಪೂರ್ತಿ ಏರಿಸಿ ಬಲಗಡೆಯದನ್ನು ಇಳಿಸಿ, ಈಗ ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸತ್ತ ಕಿವಿಗೆ ದಿನವೂ ಅಷ್ಟು ಸದ್ದು ಸುರಿದೆ.

ಹೆಂಡತಿ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ನೋಡಿ, “ಎಡಗಡೆ ಅಂತೂ ತಲೆ ಸಿಡಿಯಂಗೆ ಬರ್ತೈತಲ್ರಿ!” ಎಂದು ಕಿತ್ತಿಟ್ಟಳು.

“ನಿಂಗೇನ್ ಗೊತ್ತಾಗ್ತೈತೆ? ಸರೌಂಡ್ ಸರಿ ಕುಂತಿಲ್ಲ,” ಅಂದೆ.

“ಕುಣಿಲಾರ್ದೋಳು ನೆಲ ಡೊಂಕು ಅಂದ್ಳಂತೆ,” ಎಂದು ನಗುತ್ತಾ ಅಡುಗೆಮನೆಗೆ ಹೋದಳು. ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಅವಳ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಆ ದಿನಗಳಲ್ಲೇ ಅವಳು ಹಿತ್ತಿಲಿಂದ ಕೂಗಿದರೆ ನಾನು ಜಗಲಿಗೆ ಹೋಗಿ ನಿಲ್ಲುವುದು ಶುರುವಾಗಿತ್ತು. “ಎಲ್ಲೋಯ್ತು ನಿಮ್ ಗ್ಯಾನ?” ಎಂದು ಅವಳು ಛೇಡಿಸುತ್ತಿದ್ದಳು. ಸರೌಂಡ್ ವಿಚಾರ ತಲೆಯಲ್ಲಿದೆ, ಅದಕ್ಕೇ ಹೀಗೆ, ಎಂದು ನಾನೂ ನಗುತ್ತಿದ್ದೆ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಕೊನೆಗೆ ಹೆಡ್‌ಫೋನೇ ಸರಿ ಇಲ್ಲವೆಂದು ತೀರ್ಮಾನಿಸಿ, ಅದನ್ನು ಚೀಲಕ್ಕೆ ಹಾಕಿಕೊಂಡು ಹೊಳಲ್ಕೆರೆ ಮೇಲಿನ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆ. ಸಂತೆಹೊಂಡದ ಕಡೆ ಒಂದು ಅಂಗಡಿ ಇದೆ. ಅಂಗಡಿಯವರು ಕಸುಬಿನ ಹಳೆಯ ಪರಿಚಯ, ನನ್ನದೇ ವಯಸ್ಸಿನವರು.

“ಕುಂತ್ಕಳ್ರಿ, ಟೀ ಹೇಳ್ತೀನಿ. ಏನಾತು?” ಅಂದರು.

“ಎಡಗಡೆ ಸಣ್ಣಕ್ಕೆ ಬರ್ತೈತೆ. ಸರೌಂಡ್ ಯಾವ್ದು ಹಾಕಿದ್ರೂ ಅಷ್ಟೇ.”

ಅವರು ತಮ್ಮ ಕಂಪ್ಯೂಟರಿಗೆ ಪಿನ್ನು ಚುಚ್ಚಿ, ಹಾಕಿಕೊಂಡು ಕೇಳಿದರು. “ಚೆನ್ನಾಗೇ ಐತಲ್ರಿ.” ಆಮೇಲೆ ಸರೌಂಡನ್ನು ಪೂರ್ತಿ ಆಫ್ ಮಾಡಿ, ಬರೀ ಎಡಗಡೆಗೆ ಒಂದು ಹಾಡು ಬಿಟ್ಟು ನನ್ನ ತಲೆಗೆ ಇಟ್ಟರು. ಏನೂ ಇಲ್ಲ. ಸಣ್ಣ ಸದ್ದೂ ಇಲ್ಲ. “ನೋಡ್ರಿ, ಎಡಗಡೆ ಸತ್ತೇ ಹೋಗೈತೆ,” ಎಂದು ನಾನು ಗೆದ್ದವನಂತೆ ಹೇಳಿದೆ. ಅವರು ಹೆಡ್‌ಫೋನನ್ನು ತಿರುಗಿಸಿ ಇಟ್ಟರು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಸತ್ತಿದ್ದ ಎಡಗಡೆ ನನ್ನ ಬಲಗಿವಿಗೆ ಬಂದು ಜೋರಾಗಿ ಹಾಡಿತು.

ಟೀ ಬಂತು. ಇಬ್ಬರೂ ಲೋಟ ಮುಟ್ಟಲಿಲ್ಲ. ವೈರು ಅದಲುಬದಲು ಮಾಡಿ ನೋಡುವುದು ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಯುವ ಪಾಠ. ಇಷ್ಟು ದಿನದಲ್ಲಿ ಒಂದು ಸಲ ಹೆಡ್‌ಫೋನನ್ನು ಉಲ್ಟಾ ಹಾಕಿಕೊಳ್ಳಬೇಕು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವುದು ಬೇಡವಾಗಿತ್ತೋ, ಈಗ ಹೇಳಲಾರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅನ್ನುತ್ತಾರಲ್ಲ, ಆ ಗಾದೆಯಲ್ಲಿ ಕೂಸಾದರೂ ಬದುಕಿರುತ್ತದೆ.

ಮರುದಿನವೇ ಹೆಂಡತಿಯ ಜೊತೆ ಮತ್ತೆ ಅದೇ ಊರಿಗೆ, ಕಿವಿ ಡಾಕ್ಟರ ಹತ್ತಿರ ಹೋದೆ. ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಅದೂ ವೈರಿನದೇ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗೆ ಮಾತಾಡುವವರು.

“ಯಾವತ್ತು ಶುರುವಾಯ್ತು?” ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಇದು ನರದ ತೊಂದರೆ. ಇದ್ದಕ್ಕಿದ್ದ ಹಾಗೆ ಬರುತ್ತೆ. ಮೊದಲ ವಾರದಲ್ಲೇ ಬಂದಿದ್ರೆ ಮಾತ್ರೆ ಕೊಟ್ಟು ನೋಡಬಹುದಿತ್ತು. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಇಲ್ಲ. ಈಗ ತುಂಬಾ ತಡ ಆಗಿದೆ. ಇಷ್ಟು ದಿನ ಏನು ಮಾಡ್ತಿದ್ರಿ?”

ಸರೌಂಡ್ ಕೂರಿಸುತ್ತಿದ್ದೆ ಎನ್ನಲೇ?

ಗುಂಯ್ ಅನ್ನುವುದಕ್ಕೆ ಬರೆದುಕೊಟ್ಟ ಚೀಟಿ ಹಿಡಿದು ಹೆಂಡತಿ ಕೆಳಗಿನ ಮೆಡಿಕಲ್ ಸ್ಟೋರಿಗೆ ಹೋದಾಗ ಉಳಿದದ್ದನ್ನು ಕೇಳಿದೆ. ಆ ಕಡೆಯ ಸದ್ದನ್ನು ಈ ಕಿವಿಗೆ ಮುಟ್ಟಿಸುವ ಯಂತ್ರ ಇದೆಯಂತೆ. ಆದರೆ ಸದ್ದು ಯಾವ ದಿಕ್ಕಿನಿಂದ ಬಂತು ಎನ್ನುವುದು ಅದರಲ್ಲೂ ತಿಳಿಯುವುದಿಲ್ಲವಂತೆ. “ದಿಕ್ಕು ಗೊತ್ತಾಗೋಕೆ ಎರಡು ಕಿವಿ ಬೇಕು,” ಅಂದರು. ಅದನ್ನು ನಾನು ಆಗಲೇ ಓದಿದ್ದೆ. ಹೆಡ್‌ಫೋನಿನ ವಿಚಾರ ಓದುವಾಗ ಓದಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿ ಮೊದಲೇ ಬಂದು ಕೂತಿತ್ತು, ಕೆಟ್ಟದ್ದು ಮಾತ್ರ ತಿಳಿದಿರಲಿಲ್ಲ.

ಬಸ್ಸಿನಲ್ಲಿ ಹೆಂಡತಿ ನನ್ನ ಎಡಕ್ಕೆ ಕೂತಳು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ಇದ್ದವನು ಎಷ್ಟೋ ಹೊತ್ತಿಗೆ ತಿರುಗಿದರೆ ಅವಳ ಬಾಯಿ ಆಡುತ್ತಿತ್ತು. ಆಗಿನಿಂದಲೂ ಮಾತಾಡುತ್ತಿದ್ದಳೋ ಏನೋ. ಜಾಗ ಬದಲಾಯಿಸಿ ಕೂತೆವು.

“ಒಂದು ಹೋದ್ರೆ ಇನ್ನೊಂದು ಐತಲ್ಲ ಬಿಡ್ರಿ. ಒಂದೇ ಕಣ್ಣಿರೋರು ಬಾಳೇವು ಮಾಡ್ತಿಲ್ವಾ?” ಅಂದಳು. ಅವಳಿಗೆ ಇದು ಸದ್ದು ಅರ್ಧ ಕಡಿಮೆಯಾದ ಲೆಕ್ಕ. ಬಲಗಡೆ ನಿಂತು ಸ್ವಲ್ಪ ಗಟ್ಟಿಯಾಗಿ ಹೇಳಿದರೆ ಮುಗಿಯಿತು. ದಿಕ್ಕಿನ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಬಿ.ದುರ್ಗದ ಗೇಟಿನಲ್ಲಿ ಯಾರೋ ಹತ್ತಿ ಮಾತಿಗಿಳಿದರು, ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಇಷ್ಟಾದ ಮೇಲೂ ನಾನು ಆ ಸರೌಂಡ್ ಬಿಡಲಿಲ್ಲ ಅಂದರೆ ನನ್ನ ಹಟ ಎಂಥದ್ದು ನೋಡಿ. ಸಾಮಾನೆಲ್ಲ ಸರಿ ಇದೆ ಎಂದು ಗೊತ್ತಾದ ಮೇಲೆ, ಆರಿಸುವುದು ಸುಲಭವಾಯಿತು. ಯುಎಸ್‌ಬಿ ಕಾರ್ಡನ್ನು ಡ್ರಾಯರಿಗೆ ಎಸೆದೆ. ದುಡ್ಡಿನದನ್ನು ತೆಗೆದೆ. ಒಳ್ಳೆಯ ಮಾಮೂಲಿ ಹೆಡ್‌ಫೋನು, ಕಂಪ್ಯೂಟರಿನಲ್ಲೇ ಇರುವ ಪುಕ್ಕಟೆಯ ಒಂದು ಸರೌಂಡು, ಎರಡೂ ಕಡೆ ವಾಲ್ಯೂಮ್ ಸಮ. ಬೇರೇನೂ ಬೇಡ. ಯಾರಾದರೂ ಕೇಳಿದರೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಆಮೇಲೆ ಹೆಂಡತಿಯನ್ನು ಕರೆದು ಕೂರಿಸಿ ಹಾಕಿದೆ.

ಪರೀಕ್ಷೆಯ ಸದ್ದಿನಲ್ಲಿ ಒಂದು ಜೇನುನೊಣ ತಲೆಯ ಸುತ್ತ ಹಾರುತ್ತದೆ. ಅವಳು ಕಣ್ಣು ಮುಚ್ಚಿಕೊಂಡು ಬೆರಳು ಎತ್ತಿದಳು. ಬೆರಳು ಎಡಕ್ಕೆ ಹೋಯಿತು, ಹಿಂದಕ್ಕೆ ಹೋಯಿತು, ತಲೆಯ ಮೇಲಿಂದ ಬಲಕ್ಕೆ ಬಂತು. ನಾನು ಕೇಳಿದಾಗ ಅದೇ ನೊಣ ಬಲಗಿವಿಯ ಹತ್ತಿರ ಒಂದೇ ಕಡೆ ಕೂತು, ಒಮ್ಮೆ ಗಟ್ಟಿ ಒಮ್ಮೆ ಸಣ್ಣಗೆ ಗುಂಯ್‌ಗುಟ್ಟಿತ್ತು. ನೊಣ ಹೋದ ಮೇಲೆ ಬಾಗಿಲು ತಟ್ಟಿದ ಸದ್ದು ಬರುತ್ತದೆ. ಅವಳು ತಟ್ಟನೆ ಹೆಡ್‌ಫೋನ್ ಕಿತ್ತು ಹಿತ್ತಿಲ ಕಡೆ ತಿರುಗಿದಳು.

“ಅಯ್ಯೋ, ಯಾರೋ ಹಿಂದ್ಲ ಬಾಗ್ಲು ತಟ್ಟಿದ್ರು ಕಣ್ರಿ!”

“ಯಾರೂ ಇಲ್ಲ, ಅದ್ರಾಗೇ ಬಂದಿದ್ದು.”

“ಎಷ್ಟ್ ಚೆನ್ನಾಗೈತ್ರಿ ಇದು!” ಎಂದು ಚಿಕ್ಕ ಹುಡುಗಿಯ ಹಾಗೆ ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದಳು. ನನಗೆ ಅಳು ಬಂತು. ಹೊಟ್ಟೆಕಿಚ್ಚೂ ಬಂತು. ಹೆಂಡತಿಯ ಕಿವಿಯ ಮೇಲೆ ಹೊಟ್ಟೆಕಿಚ್ಚು ಪಡುವ ಸ್ಥಿತಿ ಯಾವ ಗಂಡಸಿಗೂ ಬರಬಾರದು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ನಡುಮನೆಯಲ್ಲಿ ಪೇಪರ್ ಓದುತ್ತಿದ್ದೆ. ಹೆಡ್‌ಫೋನ್ ಹಾಕಿರಲಿಲ್ಲ, ಫ್ಯಾನೂ ತಿರುಗುತ್ತಿರಲಿಲ್ಲ, ಕರೆಂಟ್ ಹೋಗಿತ್ತು. ಮನೆ ನಿಶ್ಶಬ್ದ. ಹೆಂಡತಿ ಎಲ್ಲಿದ್ದಾಳೆ ಎಂದು ಗಮನಿಸಿರಲಿಲ್ಲ.

“ಇಲ್ ಬರ್ರೀ...”

ಚೆನ್ನಾಗಿ ಕೇಳಿಸಿತು. ನೋವಿನಲ್ಲಿ ಕೂಗುತ್ತಿದ್ದಾಳೆ ಎನ್ನುವುದೂ ಕೇಳಿಸಿತು. ಎದ್ದೆ. ದನಿ ಬಲಗಡೆಯಿಂದ ಬಂತು, ಬಲಕ್ಕೆ ಜಗಲಿ. ಓಡಿದೆ. ಬೀದಿಯಲ್ಲಿ ಯಾರೂ ಇಲ್ಲ. ಮತ್ತೆ ಕೂಗಿದಳು. ಈಗಲೂ ಬಲಗಡೆಯಿಂದಲೇ. ನನಗೆ ಲೋಕದ ಸದ್ದೆಲ್ಲ ಬಲಗಡೆಯಿಂದಲೇ. ನಾನು ತಿರುಗಿದರೆ ಅದೂ ನನ್ನ ಜೊತೆ ತಿರುಗುತ್ತದೆ. ಪಕ್ಕದ ಮನೆಯ ಸಂದಿಯಲ್ಲಿ ನೋಡಿದೆ. ಒಳಗೆ ಬಂದೆ. ಅಡುಗೆಮನೆ ಖಾಲಿ. ಬಚ್ಚಲ ಬಾಗಿಲು ತಳ್ಳಿದೆ, ಖಾಲಿ. “ಎಲ್ಲಿದೀಯೇ?” ಎಂದು ಕೂಗಿದೆ. “ಇಲ್ಲೇ... ಇಲ್ ಬರ್ರೀ...” ಎಂದಳು. ಇನ್ನೇನು ಹೇಳಬೇಕು ಅವಳು? ಅವಳು ಇದ್ದದ್ದು ಅಲ್ಲೇ. ಎಲ್ಲಿ ಎಂದು ನನ್ನ ತಲೆಗೆ ತಿಳಿಯುತ್ತಿರಲಿಲ್ಲ. ಮತ್ತೆ ಜಗಲಿಗೆ ಓಡಿದೆ, ಮತ್ತೆ ನಡುಮನೆಗೆ ಬಂದೆ. ನಡುಮನೆಯಲ್ಲಿ ಗಾಣದೆತ್ತಿನ ಹಾಗೆ ನಿಂತಲ್ಲೇ ಸುತ್ತಿದೆ. ಅವಳು ಕೂಗುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ. ಆಮೇಲೆ ಕೂಗು ನಿಂತಿತು. ಅಷ್ಟು ಹೆದರಿಕೆ ನನಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು. ಅದರ ಸಂದಿಯಲ್ಲಿ ನೆಲದ ಮೇಲೆ ಕೆಂಪು ಮೆಣಸಿನಕಾಯಿ ಚೆಲ್ಲಿದ್ದು ಕಂಡಿತು. ತಾರಸಿಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯನ್ನು ಮೊರದಲ್ಲಿ ತುಂಬಿಕೊಂಡು ಇಳಿಯುವಾಗ ಸೀರೆ ಕಾಲಿಗೆ ತೊಡರಿ ಬಿದ್ದಿದ್ದಳು. ಮೆಟ್ಟಿಲ ಬುಡದಲ್ಲಿ ಒರಗಿ ಕೂತು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮಣಿಕಟ್ಟು ಸೊಟ್ಟಗಾಗಿತ್ತು. ಹಣೆಯ ಬೆವರಿಗೆ ಕೂದಲು ಅಂಟಿತ್ತು. ನಾನು ಪಕ್ಕದಲ್ಲಿ ಕೂತೆ.

“ಎಷ್ಟೊತ್ತಿಂದ ಕೂಗ್ತಿದೀನಿ,” ಅಂದಳು. ಸಿಟ್ಟಿರಲಿಲ್ಲ. “ಪಾಪ, ಕೇಳ್ಸಿಲ್ಲ ನಿಮ್ಗೆ.”

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಿವುಡ ಗಂಡ, ಕೇಳಿಸಲಿಲ್ಲ, ಅವನೇನು ಮಾಡಿಯಾನು. ಆದರೆ ಆ ಮುಖ ನೋಡಿ ಸುಳ್ಳು ಹೇಳಲು ಆಗಲಿಲ್ಲ.

“ಕೇಳ್ಸ್ತು ಕಣೇ,” ಅಂದೆ. “ಎಲ್ಲಾ ಕೇಳ್ಸ್ತು.”

ಅವಳು ನೋವು ಮರೆತು ನನ್ನನ್ನು ನೋಡಿದಳು. “ಮತ್ಯಾಕ್ ಬರ್ಲಿಲ್ಲ?”

ಆಗ ಹೇಳಿದೆ. ಡಾಕ್ಟರು ಹೇಳಿದ್ದು, ಜೇನುನೊಣ ನನಗೆ ಎಲ್ಲಿ ಕೇಳಿಸಿತು ಎನ್ನುವುದು, ಈಗ ಎಲ್ಲೆಲ್ಲಿ ಓಡಿದೆ ಎನ್ನುವುದು. ಹೇಳುತ್ತಾ ಅತ್ತೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಏಳ್ರಿ, ಆಸ್ಪತ್ರೆಗೆ ಹೋಗಾಣ,” ಎಂದು ಒಳ್ಳೆಯ ಕೈಯನ್ನು ನನ್ನ ಭುಜದ ಮೇಲಿಟ್ಟು ಎದ್ದಳು.

ಮೂಳೆ ಕೂಡಿತು. ಪ್ಲಾಸ್ಟರ್ ಬಿಚ್ಚಿದರು. ಈಗ ಮೊದಲಿನ ಹಾಗೆ ರೊಟ್ಟಿ ಬಡಿಯುತ್ತಾಳೆ. ಹೆಡ್‌ಫೋನ್ ಅವಳ ಪಾಲಿಗೆ ಹೋಯಿತು, ಮಧ್ಯಾಹ್ನ ಅದನ್ನು ಹಾಕಿಕೊಂಡು ಸೀರಿಯಲ್ ನೋಡುತ್ತಾಳೆ. ನನ್ನ ಹತ್ತಿರ ಏನಾದರೂ ಹೇಳುವುದಿದ್ದರೆ ಹಿತ್ತಿಲಿಂದ ನಡುಮನೆಯವರೆಗೆ ನಡೆದು ಬಂದು, ಎದುರಿಗೆ ನಿಂತು ಹೇಳುತ್ತಾಳೆ. ಮೊನ್ನೆ ಅಡುಗೆಮನೆಗೆ ಹೋದರೆ, ತುಂಬಿದ ಗ್ಯಾಸ್ ಸಿಲಿಂಡರನ್ನು ಮುರಿದು ಕೂಡಿದ ಅದೇ ಕೈಯಲ್ಲಿ ಒಬ್ಬಳೇ ಉರುಳಿಸುತ್ತಿದ್ದಳು.

“ಲೇ, ಒಂದ್ ಕೂಗು ಹಾಕ್ಬಾರ್ದಾ?” ಎಂದು ರೇಗಿದೆ.

“ಇರ್ಲಿ ಬಿಡ್ರಿ,” ಅಂದಳು, ಸಿಲಿಂಡರಿನಿಂದ ಕಣ್ಣೆತ್ತದೆ.

ಕೂಗಿದರೆ ನನಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತು. ಅದಕ್ಕೇ ಕೂಗುವುದಿಲ್ಲ.